ಕೋಳಿ ಅಂಕದ ಹನ್ನೆರಡು ಹೊನ್ನು: ಮಹಾವೀರಾಚಾರ್ಯರ ಒಂದು ಲೆಕ್ಕವೂ ಸಂಭವನೀಯತೆಯ ಪಾಠವೂ

ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ವು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚಾದುದು 1912ರಲ್ಲಿ. ಸಂಪಾದಕರು ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು. ಅವರ ಮುಂದಿದ್ದ ಹಸ್ತಪ್ರತಿಗಳಲ್ಲಿ ಒಂದು ನಮ್ಮ ಮೂಡುಬಿದಿರೆಯ ಜೈನ ಮಠದ ತಾಳೆಗರಿ ಗ್ರಂಥದಿಂದ ಕನ್ನಡ ಲಿಪಿಯಲ್ಲಿ ನಕಲು ಮಾಡಿಸಿದುದು. ಆ ಪ್ರತಿಯಲ್ಲಿ ಸಂಸ್ಕೃತ ಶ್ಲೋಕಗಳ ಜೊತೆಗೆ ಲೆಕ್ಕಗಳ ಸಾರವನ್ನೂ ಉತ್ತರಗಳನ್ನೂ ಚುಟುಕಾಗಿ ಕನ್ನಡದಲ್ಲಿ ಕೊಡಲಾಗಿತ್ತು. ಅದನ್ನು ಯಾರು, ಯಾರಿಗಾಗಿ ಬರೆದಿಟ್ಟರೆಂಬುದನ್ನು ಊಹಿಸುವುದು ಕಷ್ಟವಲ್ಲ. ಪಾಠ ಹೇಳುವವನಿಗೆ ಕೈಗೆಟಕುವಂತಿರಬೇಕಾದುದು ಲೆಕ್ಕದ ಸಾರ ಮತ್ತು ಉತ್ತರ. ರಂಗಾಚಾರ್ಯರ ಆವೃತ್ತಿಗೆ ಪ್ರಸ್ತಾವನೆ ಬರೆದ ಡೇವಿಡ್ ಯುಜೀನ್ ಸ್ಮಿತ್ ಅವರೂ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಗಣಿತ ಶಿಕ್ಷಕರನ್ನು ತಯಾರು ಮಾಡುತ್ತಿದ್ದವರು. ಈ ಗ್ರಂಥದ ಸುತ್ತ ಮೊದಲಿನಿಂದಲೂ ಮೇಷ್ಟ್ರುಗಳೇ ನೆರೆದಿದ್ದಾರೆ.

ಈ ಗ್ರಂಥದ ಮಿಶ್ರಕವ್ಯವಹಾರ ಅಧ್ಯಾಯದಲ್ಲಿ ಒಂದು ಕೋಳಿ ಅಂಕದ ಲೆಕ್ಕ ಬರುತ್ತದೆ. ಮಂತ್ರೌಷಧಗಳನ್ನು ಬಲ್ಲ ಒಬ್ಬನು ಕೋಳಿಗಳ ಕಾಳಗವನ್ನು ಕಂಡು ಇಬ್ಬರು ಒಡೆಯರನ್ನೂ ಬೇರೆ ಬೇರೆಯಾಗಿ ಕರೆದು ಗುಟ್ಟಾಗಿ ಮಾತನಾಡುತ್ತಾನೆ. ಒಬ್ಬನಿಗೆ, ನಿನ್ನ ಕೋಳಿ ಗೆದ್ದರೆ ನಿನ್ನ ಪಣದ ಹಣವನ್ನು ನನಗೆ ಕೊಡು, ಸೋತರೆ ಆ ಪಣದ ಮೂರರಲ್ಲಿ ಎರಡು ಪಾಲನ್ನು ನಾನೇ ನಿನಗೆ ಕೊಡುತ್ತೇನೆ ಎನ್ನುತ್ತಾನೆ. ಇನ್ನೊಬ್ಬನಿಗೂ ಅದೇ ಮಾತು; ಸೋತರೆ ಕೊಡುವುದು ಮಾತ್ರ ನಾಲ್ಕರಲ್ಲಿ ಮೂರು ಪಾಲು. ಯಾವ ಕೋಳಿ ಗೆದ್ದರೂ ಅವನಿಗೆ ಉಳಿಯುವುದು ಹನ್ನೆರಡು ಹೊನ್ನು. ಹಾಗಾದರೆ ಇಬ್ಬರ ಪಣಗಳು ಎಷ್ಟೆಷ್ಟು? ಇದನ್ನು ಬಿಡಿಸಲು ಆಚಾರ್ಯರು ಪ್ರತ್ಯೇಕ ಸೂತ್ರವನ್ನೇ ಕೊಟ್ಟಿದ್ದಾರೆ. ಉತ್ತರ: 42 ಮತ್ತು 40. ಮೊದಲನೆಯವನ ಕೋಳಿ ಗೆದ್ದರೆ 42 ಬಂದು, ಎರಡನೆಯವನಿಗೆ 30 ಹೋಗುತ್ತದೆ. ಎರಡನೆಯವನ ಕೋಳಿ ಗೆದ್ದರೆ 40 ಬಂದು, ಮೊದಲನೆಯವನಿಗೆ 28 ಹೋಗುತ್ತದೆ. ಎರಡು ಕಡೆಯೂ ಹನ್ನೆರಡೇ. ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದವು 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆಯಾದ್ದರಿಂದ ಸಂಸ್ಕೃತ ತಿಳಿಯದವರೂ ಇದನ್ನು ಓದಬಹುದು.

ಕೆಲವು ಕಾಲದ ಹಿಂದೆ ಮಂಗಳೂರಿನಲ್ಲಿ ಬಿ.ಎಡ್. ಓದುತ್ತಿದ್ದ ಗಣಿತದ ಪ್ರಶಿಕ್ಷಣಾರ್ಥಿಗಳ ಸಣ್ಣ ಗುಂಪೊಂದರ ಮುಂದೆ ಈ ಲೆಕ್ಕವನ್ನು ಇಡುವ ಸಂದರ್ಭ ನನಗೆ ಒದಗಿತು. ಪ್ರಾಚೀನ ಜೈನ ಗಣಿತದ ಕುರಿತು ಮಾತನಾಡಬೇಕಿತ್ತು. ತುಳುನಾಡಿನ ಮಕ್ಕಳಿಗೆ ಕೋಳಿ ಅಂಕ, ಅವರದೇ ಮಾತಿನಲ್ಲಿ ಹೇಳುವುದಾದರೆ ‘ಕೋರಿದ ಕಟ್ಟ’, ಹೊಸತಲ್ಲ. ಕೇಳಿದೊಡನೆ ಮುಖಗಳು ಅರಳಿದವು. ನಾನು ಉತ್ತರ ಹೇಳುವ ಮೊದಲೇ ಹಲವರು ಕಾಗದದ ಮೇಲೆ ಬರೆದುಕೊಂಡುದು ಒಂದೇ ಸಂಗತಿ: ಪ್ರತಿಯೊಂದು ಕೋಳಿಯೂ ಗೆಲ್ಲುವ ಸಂಭವನೀಯತೆ ಎರಡರಲ್ಲೊಂದು. ಯಾಕೆ ಎಂದು ಕೇಳಿದೆ. ಕೋಳಿಗಳು ಎರಡು, ಗೆಲ್ಲುವುದು ಒಂದು, ಆದುದರಿಂದ ಎಂಬ ಉತ್ತರ ಬಂತು. ಅಜ್ಜನ ಕಾಲದಿಂದ ಕೋಳಿ ಸಾಕಿದ ಮನೆಯಿಂದ ಬಂದಿದ್ದ ಒಬ್ಬ ಯುವಕ ಮಾತ್ರ ನಕ್ಕುಬಿಟ್ಟ. “ಎರಡೂ ಸಮ ಅಂತ ಗೊತ್ತಿದ್ರೆ ಯಾರು ಸರ್ ಕಟ್ಟಕ್ಕೆ ಹೋಗ್ತಾರೆ?” ಎಂದ. ಅವನೂ ತನ್ನ ಕಾಗದದ ಮೇಲೆ ಎರಡರಲ್ಲೊಂದು ಎಂದೇ ಬರೆದಿದ್ದನೆಂಬುದು ಬೇರೆ ಮಾತು. ಅಂಗಳದಲ್ಲಿ ತಿಳಿದಿದ್ದುದನ್ನು ತರಗತಿಯ ಹೊಸ್ತಿಲಲ್ಲಿ ಬಿಟ್ಟು ಬಂದಿದ್ದ.

ಆಚಾರ್ಯರ ಲೆಕ್ಕದ ಸೊಗಸಿರುವುದು ಇಲ್ಲಿಯೇ. ಯಾವ ಕೋಳಿ ಬಲಿಷ್ಠ ಎಂಬ ಪ್ರಶ್ನೆಯೇ ಅದಕ್ಕೆ ಬೇಕಿಲ್ಲ. ಜೂಜಿನ ಅಂಗಳದಲ್ಲಿ ನಿಂತಿರುವ ಈ ಮಂತ್ರವಾದಿ ಜೂಜಾಡುತ್ತಿಲ್ಲ; ಅವನ ಪಾಲಿಗೆ ಆಕಸ್ಮಿಕವೆಂಬುದು ಉಳಿದೇ ಇಲ್ಲ. ಹಾಗಿದ್ದರೆ ಇದು ಸಂಭವನೀಯತೆಗೆ ಸಂಬಂಧಿಸಿದ ಲೆಕ್ಕವೇ ಅಲ್ಲ ಎನ್ನಬೇಕೆ? ನನಗೆ ಹಾಗೆ ತೋರುವುದಿಲ್ಲ. ಆ ದಿನ ಕರಿಹಲಗೆಯ ಮೇಲೆ ನಾವು ಮಾಡಿದ ಇನ್ನೊಂದು ಲೆಕ್ಕವನ್ನು ಇಲ್ಲಿ ವಿವರಿಸುತ್ತೇನೆ.

ಒಡೆಯರಿಬ್ಬರ ನಡುವಿನ ಮೂಲ ಪಣವನ್ನು ಬದಿಗಿರಿಸಿ, ಮಂತ್ರವಾದಿಯೊಡನೆ ಆದ ಒಪ್ಪಂದವೊಂದನ್ನೇ ನೋಡೋಣ. ಮೊದಲನೆಯವನು ಗೆದ್ದರೆ 42 ಹೊನ್ನು ಕೊಡುತ್ತಾನೆ, ಸೋತರೆ 28 ಪಡೆಯುತ್ತಾನೆ. ಈ ಒಪ್ಪಂದ ಅವನಿಗೆ ಲಾಭವೂ ನಷ್ಟವೂ ಅಲ್ಲದಂತೆ ಸಮನಾಗಬೇಕಾದರೆ, ತನ್ನ ಕೋಳಿ ಐದು ಕಾಳಗಗಳಲ್ಲಿ ಎರಡನ್ನು ಗೆಲ್ಲುವಂಥದೆಂದು ಅವನು ಎಣಿಸಿರಬೇಕು: 70ರಲ್ಲಿ 28. ಎರಡನೆಯವನು ಗೆದ್ದರೆ 40 ಕೊಟ್ಟು ಸೋತರೆ 30 ಪಡೆಯುವವನಾದ್ದರಿಂದ, ಅವನ ಎಣಿಕೆ ಏಳರಲ್ಲಿ ಮೂರು: 70ರಲ್ಲಿ 30. ಈ ಎರಡನ್ನು ಕೂಡಿಸಿದರೆ 70ರಲ್ಲಿ 58 ಆಗುತ್ತದೆಯೇ ಹೊರತು 70 ಆಗುವುದಿಲ್ಲ. ಇಬ್ಬರಲ್ಲಿ ಒಬ್ಬನಂತೂ ಗೆಲ್ಲಲೇಬೇಕಾದಾಗ ಇಬ್ಬರ ಗೆಲುವಿನ ಅಂದಾಜುಗಳು ಕೂಡಿ ಪೂರ್ಣವಾಗಬೇಕಷ್ಟೆ. ಇಲ್ಲಿ ಪೂರ್ಣಕ್ಕೆ ಕೊರತೆಯಾದುದು 70ರಲ್ಲಿ 12. ಆ ಹನ್ನೆರಡೇ ಮಂತ್ರವಾದಿಯ ಕೈ ಸೇರಿದ ಹನ್ನೆರಡು ಹೊನ್ನು! ಇದು ಕಾಕತಾಳೀಯವಲ್ಲ. ಎರಡು ಒಪ್ಪಂದಗಳಲ್ಲಿಯೂ ಕೊಡುವ ಮತ್ತು ಪಡೆಯುವ ಮೊತ್ತಗಳು ಕೂಡಿ 70 ಆಗುವಂತೆ ಪಣಗಳನ್ನು ಹೊಂದಿಸಿದಾಗ ಮಾತ್ರ ಎರಡು ಕಡೆಯ ಲಾಭವೂ ಒಂದೇ ಆಗುತ್ತದೆ. ಒಡೆಯರಿಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ತಮ್ಮ ತಮ್ಮ ಕೋಳಿಗಳನ್ನು ಸ್ವಲ್ಪ ಕಡಿಮೆ ಬೆಲೆಗೆ ಮಾರಿಕೊಂಡರು. ಆ ಎರಡು ಅಂಜಿಕೆಗಳ ನಡುವಿನ ಬಿರುಕಿನಲ್ಲಿ ಮೂರನೆಯವನು ಹಣ ಹೆಕ್ಕಿದನು.

1926ರಲ್ಲಿ ಕೇಂಬ್ರಿಜ್ಜಿನ ಫ್ರಾಂಕ್ ರಾಮ್ಸೆ ಬರೆದ ಪ್ರಬಂಧವೊಂದು, ಆ ಬಳಿಕ 1930ರ ದಶಕದಲ್ಲಿ ಇಟಲಿಯ ಬ್ರೂನೊ ಡಿ ಫಿನೆಟ್ಟಿಯವರ ಬರಹಗಳು, ಸಂಭವನೀಯತೆಯ ನಿಯಮಗಳನ್ನು ಇಂಥದೇ ಸನ್ನಿವೇಶದ ಮೇಲೆ ನಿಲ್ಲಿಸಿದವು. ಒಬ್ಬನ ನಂಬಿಕೆಗಳ ಅಳತೆ ಆ ನಿಯಮಗಳಿಗೆ ಒಪ್ಪದಿದ್ದರೆ, ಏನೇ ನಡೆದರೂ ಅವನೇ ಸೋಲುವಂತೆ ಚತುರನೊಬ್ಬನು ಅವನೊಡನೆ ಪಣ ಹೂಡಬಲ್ಲನೆಂಬುದು ಅವರ ವಾದ. ಮಾನ್ಯಖೇಟದ ಅಮೋಘವರ್ಷ ನೃಪತುಂಗನನ್ನು ಗ್ರಂಥಾರಂಭದಲ್ಲಿ ಹೊಗಳಿ, 850ರ ಸುಮಾರಿನಲ್ಲಿ ಬರೆದ ನಮ್ಮ ಆಚಾರ್ಯರು ಆ ಚತುರನನ್ನು ಕಂಡಿದ್ದರು. ಅವನ ಲಾಭವನ್ನು ಕರಾರುವಾಕ್ಕಾಗಿ ಎಣಿಸಿದ್ದರು. ಆದರೆ ಅವನ ಲಾಭಕ್ಕೆ ಕಾರಣವಾದ ಒಡೆಯರ ಅಂದಾಜುಗಳಿಗೆ ಅವರು ಸಂಖ್ಯೆ ಕೊಡಲಿಲ್ಲ. ಐದರಲ್ಲಿ ಎರಡು, ಏಳರಲ್ಲಿ ಮೂರು ಎಂಬುವು ನಮ್ಮ ಕರಿಹಲಗೆಯವು, ಮೂಡುಬಿದಿರೆಯ ತಾಳೆಗರಿಯವಲ್ಲ. ಈ ಗೆರೆಯನ್ನು ಅಳಿಸದೆ ಉಳಿಸಿಕೊಳ್ಳುವುದು ಇತಿಹಾಸ ಬರೆಯುವವರ ಕರ್ತವ್ಯವೆಂದು ನಾನು ತಿಳಿದಿದ್ದೇನೆ. ನಮ್ಮವರಲ್ಲಿ ಇದನ್ನು ಅಳಿಸುವ ಆತುರ ಇತ್ತೀಚೆಗೆ ತುಸು ಹೆಚ್ಚಾಗಿದೆ.

ಅಹಿಂಸಾ ಧರ್ಮದ ಆಚಾರ್ಯರೊಬ್ಬರು ಕೋಳಿ ಅಂಕವನ್ನು ಲೆಕ್ಕಕ್ಕೆ ವಸ್ತುವಾಗಿಸಿದ್ದು ಹೇಗೆ ಎಂಬ ಪ್ರಶ್ನೆಯೂ ಆ ದಿನ ಬಂತು. ಸಪ್ತವ್ಯಸನಗಳ ಎಣಿಕೆಯಲ್ಲಿ ದ್ಯೂತಕ್ಕೇ ಮೊದಲ ಸ್ಥಾನ. ಹನ್ನೆರಡನೆಯ ಶತಮಾನದ ಹೇಮಚಂದ್ರರ ‘ಯೋಗಶಾಸ್ತ್ರ’ವು ಶ್ರಾವಕನು ಬಿಡಬೇಕಾದ ಪ್ರಮಾದಗಳ ಪಟ್ಟಿಯಲ್ಲಿ ಜೂಜನ್ನೂ ಪ್ರಾಣಿಗಳ ಕಾಳಗವನ್ನೂ ಸೇರಿಸುತ್ತದೆ. ಆದರೆ ಲೆಕ್ಕವನ್ನು ಮತ್ತೊಮ್ಮೆ ಓದಿದರೆ, ಅದು ಜೂಜುಕೋರನ ಜಾಣತನವನ್ನು ಮೆಚ್ಚಿ ಬರೆದುದಲ್ಲವೆಂದು ನನಗೆ ಅನ್ನಿಸುತ್ತದೆ. ಪಣ ಕಟ್ಟಿದ ಇಬ್ಬರೂ ಮೋಸಹೋಗುತ್ತಾರೆ. ಲಾಭವೆಲ್ಲ ಕಾಳಗದ ಹೊರಗೆ ನಿಂತವನಿಗೆ. ಈ ತಾತ್ಪರ್ಯ ಆಚಾರ್ಯರ ಮನಸ್ಸಿನಲ್ಲಿತ್ತೆಂದು ಸಾಧಿಸುವಂತಿಲ್ಲ. ರಾಷ್ಟ್ರಕೂಟರ ಕಾಲದ ಸಂತೆ, ಜಾತ್ರೆ, ಅಂಗಡಿಗಳಲ್ಲಿ ಕಂಡುದೆಲ್ಲ ಅವರ ಲೆಕ್ಕಗಳಿಗೆ ಬಂದಿದೆ, ಅವುಗಳಲ್ಲಿ ಇದೂ ಒಂದು ಎಂದರೂ ಸಾಕು. ನಮ್ಮ ಕರಾವಳಿಯಲ್ಲಿ ಇಂದಿಗೂ ಯಾವ ದಿನ ಯಾವ ಬಣ್ಣದ ಹುಂಜ ಗೆಲ್ಲುವುದೆಂದು ಹೇಳುವ ಕುಕ್ಕುಟ ಪಂಚಾಂಗವನ್ನು ನಂಬುವವರಿದ್ದಾರೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಇಂಥ ಕಾಳಗಗಳನ್ನು ನಿಷೇಧಿಸಿದ ಮೇಲೂ ಅಂಕಗಳು ನಿಂತಿಲ್ಲ. ಪಂಚಾಂಗ ನೋಡಿ ಕಟ್ಟಕ್ಕೆ ಹೋಗುವವನಿಗೆ ಆಕಸ್ಮಿಕವೆಂಬುದಿಲ್ಲ, ತಿಥಿ ನಕ್ಷತ್ರಗಳ ತೀರ್ಮಾನವಷ್ಟೇ ಇದೆ. ‘ಎರಡರಲ್ಲೊಂದು’ ಎಂದು ಬರೆದ ಪ್ರಶಿಕ್ಷಣಾರ್ಥಿಗೂ ಆ ಪಂಚಾಂಗ ಓದುವವನಿಗೂ ಒಂದು ವಿಷಯದಲ್ಲಿ ಸಾಮ್ಯವುಂಟು: ಇಬ್ಬರೂ ಕೋಳಿಯನ್ನು ನೋಡಿರುವುದಿಲ್ಲ.

ಎಣಿಸುವ ವಿದ್ಯೆಯಲ್ಲಿ ನಮ್ಮ ಪೂರ್ವಿಕರಿಗೆ ಸರಿಸಾಟಿಯಿರಲಿಲ್ಲ. ‘ಭಗವತೀಸೂತ್ರ’ದಂತಹ ಆಗಮಗಳಲ್ಲಿಯೇ ಒಂದೊಂದಾಗಿ, ಎರಡೆರಡಾಗಿ, ಮೂರು ಮೂರಾಗಿ ಕೂಡಿಸಿದರೆ ಎಷ್ಟು ಭಂಗಗಳಾಗುತ್ತವೆಂಬ ವಿಚಾರವಿದೆ. ಮಹಾವೀರಾಚಾರ್ಯರು ಇದಕ್ಕೆ ಸಾರ್ವತ್ರಿಕ ಸೂತ್ರವನ್ನು ಕೊಟ್ಟರು: ಒಂದರಿಂದ ಏರುವ ಸಂಖ್ಯೆಗಳ ಗುಣಲಬ್ಧದಿಂದ, ಕೊನೆಯಿಂದ ಇಳಿಯುವ ಅಷ್ಟೇ ಸಂಖ್ಯೆಗಳ ಗುಣಲಬ್ಧವನ್ನು ಭಾಗಿಸಬೇಕು. ಉದಾಹರಣೆಗೆ ಅವರು ತೆಗೆದುಕೊಂಡುದು ಷಡ್ರಸಗಳನ್ನು; ಆರು ರುಚಿಗಳಿಂದ ಆಗುವ ಬೆರಕೆಗಳು 63. ಹೂಮಾಲೆಯ ಹೂಗಳು, ಹಾರದ ರತ್ನಗಳು ಕೂಡ ಅವರ ಉದಾಹರಣೆಗಳಲ್ಲಿ ಬರುತ್ತವೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದೇ ವಿದ್ಯೆ ಛಂದಶ್ಶಾಸ್ತ್ರದ ಬಾಗಿಲಿನಿಂದ ಪರಿಚಿತವಾಗಿದೆ. ನಾಗವರ್ಮನ ‘ಛಂದೋಂಬುಧಿ’, ಜಯಕೀರ್ತಿಯ ‘ಛಂದೋನುಶಾಸನ’ಗಳಲ್ಲಿ ಬರುವ ಪ್ರಸ್ತಾರ, ಲಗಕ್ರಿಯೆ ಮುಂತಾದ ಪ್ರತ್ಯಯಗಳು ಇದನ್ನೇ ಹೇಳುತ್ತವೆ. ‘ಛಂದೋಂಬುಧಿ’ಯನ್ನು ಕಿಟ್ಟೆಲ್ ಅವರು 1875ರಲ್ಲಿ ಅಚ್ಚು ಹಾಕಿಸಿದುದು ಇದೇ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ. ನಾಲ್ಕು ಅಕ್ಷರಗಳ ಪಾದಕ್ಕೆ ಪ್ರಸ್ತಾರ ಹಾಕಿದರೆ 16 ರೂಪಗಳು; ಅವುಗಳಲ್ಲಿ ಲಘುವೇ ಇಲ್ಲದುದು 1, ಒಂದು ಲಘುವುಳ್ಳವು 4, ಎರಡಿರುವವು 6, ಮೂರಿರುವವು 4, ಎಲ್ಲವೂ ಲಘುವಾದುದು 1.

ಗುರು ಲಘುಗಳ ಬದಲು ನಾಲ್ಕು ಕವಡೆಗಳನ್ನು ಇಟ್ಟುಕೊಳ್ಳೋಣ. ಚೌಕಾಬಾರ ಆಡಿದವರಿಗೆಲ್ಲ ಗೊತ್ತು: ನಾಲ್ಕೂ ಕವಡೆಗಳು ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕು ಮನೆ, ನಾಲ್ಕೂ ಮಗುಚಿ ಬಿದ್ದರೆ ಬಾರ, ಎಂಟು ಮನೆ. ಉಳಿದಂತೆ ಎಷ್ಟು ಕವಡೆಗಳು ಬಾಯಿ ಮೇಲಾಗಿವೆಯೋ ಅಷ್ಟು ಮನೆ. ಚೌಕ ಬೀಳುವ ಸಂಭವನೀಯತೆ ಎಷ್ಟೆಂದು ಆ ಗುಂಪನ್ನು ಕೇಳಿದೆ. ಬೀಳಬಹುದಾದವು ಒಂದು, ಎರಡು, ಮೂರು, ನಾಲ್ಕು, ಎಂಟು ಎಂಬ ಐದೇ ಆದುದರಿಂದ ಐದರಲ್ಲೊಂದು ಎಂದವರಿದ್ದರು. ನಗಬೇಕಾಗಿಲ್ಲ. ಫ್ರಾನ್ಸಿನ ಮಹಾಗಣಿತಜ್ಞ ದಾಲಂಬೇರ್ ವಿಶ್ವಕೋಶಕ್ಕೆ 1754ರಲ್ಲಿ ಬರೆದ ಲೇಖನದಲ್ಲಿ, ಎರಡು ಸಲ ನಾಣ್ಯ ಚಿಮ್ಮಿದಾಗ ಒಮ್ಮೆಯಾದರೂ ಬೇಕಾದ ಮುಖ ಬೀಳುವ ಅವಕಾಶವನ್ನು ನಾಲ್ಕರಲ್ಲಿ ಮೂರು ಎನ್ನುವ ಬದಲು ಮೂರರಲ್ಲಿ ಎರಡು ಎಂದು ವಾದಿಸಿ ಇದೇ ಕೆಸರಿನಲ್ಲಿ ಕಾಲಿಟ್ಟಿದ್ದನು. ಗುಂಪಿನಲ್ಲಿ ಪ್ರಸ್ತಾರವನ್ನು ನೆನೆದವರು ಹದಿನಾರರಲ್ಲೊಂದು ಎಂದರು, ತಮ್ಮ ಉತ್ತರದ ಬಗ್ಗೆ ಅವರಿಗೆ ತೃಪ್ತಿಯೂ ಇತ್ತು.

ಆದರೆ ಅದೂ ಸರಿಯಲ್ಲ. ಕವಡೆ ನಾಣ್ಯವಲ್ಲ. ಅದರ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಒಂದು ಕವಡೆಯಂತೆ ಇನ್ನೊಂದಿಲ್ಲ. ಒಂದು ಕವಡೆ ಬಾಯಿ ಮೇಲಾಗಿ ಬೀಳುವುದು ಐದರಲ್ಲಿ ಎರಡು ಸಲ ಎಂದು ಉದಾಹರಣೆಗೆ ಇಟ್ಟುಕೊಂಡರೆ, ಚೌಕ ಬೀಳುವುದು 625ರಲ್ಲಿ 16, ಬಾರ ಬೀಳುವುದು 625ರಲ್ಲಿ 81. ಪ್ರಸ್ತಾರದಲ್ಲಿ ತಲಾ ಒಂದೊಂದೇ ಸಾಲು ಪಡೆದ ಇವೆರಡರ ನಡುವೆ ಐದು ಪಟ್ಟು ಅಂತರ ಬಿತ್ತು. ನಿಜವಾದ ಪ್ರಮಾಣ ಎಷ್ಟೆಂಬುದನ್ನು ಕವಡೆಯನ್ನು ನೂರಾರು ಸಲ ಉರುಳಿಸಿ ಬರೆದುಕೊಳ್ಳದೆ ಯಾವ ಸೂತ್ರವೂ ಹೇಳಲಾರದು. ಪ್ರಸ್ತಾರವು ಸಾಧ್ಯವಿರುವ ರೂಪಗಳನ್ನು ಸಾಲಾಗಿ ನಿಲ್ಲಿಸುತ್ತದೆ, ತೂಗುವುದಿಲ್ಲ. ಛಂದಸ್ಸಿನಲ್ಲಿ ತೂಗುವ ಅಗತ್ಯವೂ ಇಲ್ಲ; ಹದಿನಾರು ಪಾದಗಳಲ್ಲಿ ಕವಿಗಳು ಯಾವುದನ್ನು ಎಷ್ಟು ಸಲ ಬಳಸಿದರೆಂಬುದು ಲಕ್ಷಣಕಾರನ ಚಿಂತೆಯಲ್ಲ. ನಮ್ಮ ಹತ್ತನೆಯ ತರಗತಿಯ ‘ಸಂಭವನೀಯತೆ’ ಅಧ್ಯಾಯದ ನಾಣ್ಯ, ದಾಳ, ಇಸ್ಪೀಟು ಎಲೆಗಳು ಈ ತೂಗುವ ಕಷ್ಟವಿಲ್ಲದ ವಸ್ತುಗಳು. ಅವುಗಳಲ್ಲೇ ಪಳಗಿದವರಿಗೆ ಎಣಿಸುವುದೇ ಸಂಭವನೀಯತೆ ಎಂಬ ಭಾವನೆ ಬೇರೂರುವುದು ಸಹಜ. ಅಂಥವರೇ ನಾಳೆ ಮೇಷ್ಟ್ರುಗಳಾಗಿ ತರಗತಿಗೆ ಹೋಗುವುದು ನನ್ನ ಆತಂಕ.

ಪ್ರಸಂಗಾಂತರವಾದರೂ ಒಂದು ಮಾತು. ಕರಾವಳಿಯವರ ಹೆಮ್ಮೆಯ ಚೆನ್ನೆಮಣೆಯಲ್ಲಿ 14 ಗುಳಿಗಳು, ಗುಳಿಗೆ ನಾಲ್ಕರಂತೆ 56 ಕಾಳುಗಳು. ಅಲ್ಲಿ ಉರುಳಿಸುವುದೇನೂ ಇಲ್ಲ. ಎಲ್ಲವೂ ಕಣ್ಣ ಮುಂದೆಯೇ ಇದೆ. ಸೋತವರು ದೈವವನ್ನು ದೂರುವಂತಿಲ್ಲ. ಸಿರಿ ಪಾಡ್ದನದ ಅಬ್ಬಗ ದಾರಗರ ಚೆನ್ನೆಯಾಟ ಸಾವಿನಲ್ಲಿ ಮುಗಿಯುವುದನ್ನು ನೆನೆದಾಗಲೆಲ್ಲ ನನಗೆ ಈ ಸಂಗತಿ ಹೊಳೆಯುತ್ತದೆ. ಮಕ್ಕಳಿಗೆ ಆಕಸ್ಮಿಕವೆಂದರೇನೆಂದು ತಿಳಿಸಲು ಆಕಸ್ಮಿಕವಿಲ್ಲದ ಈ ಆಟವನ್ನು ಚೌಕಾಬಾರದ ಪಕ್ಕದಲ್ಲಿಡುವುದು ಒಳ್ಳೆಯ ಉಪಾಯ.

ಎಣಿಕೆಗೂ ನೆತ್ತದಾಟಕ್ಕೂ ನಂಟಿದೆಯೆಂಬ ಶಂಕೆ ನಮ್ಮ ಪರಂಪರೆಗೆ ಇರಲಿಲ್ಲವೆನ್ನಲಾಗದು. ಮಹಾಭಾರತದ ನಳೋಪಾಖ್ಯಾನದಲ್ಲಿ ಋತುಪರ್ಣನು ತಾರೆಯ ಮರದ ಎರಡು ಕೊಂಬೆಗಳ ಮೇಲಿನ ಎಲೆ ಹಣ್ಣುಗಳ ಸಂಖ್ಯೆಯನ್ನು ನೋಟದಿಂದಲೇ ಹೇಳಿ, ತನಗೆ ಅಕ್ಷಹೃದಯವೂ ಸಂಖ್ಯಾವಿದ್ಯೆಯೂ ತಿಳಿದಿವೆಯೆನ್ನುತ್ತಾನೆ. ತಾರೆಯ ಕಾಯಿಯೇ ಆ ಕಾಲದ ನೆತ್ತವಾದುದರಿಂದ ಮರದ ಆಯ್ಕೆಯೂ ಅರ್ಥಪೂರ್ಣ. ಇಯಾನ್ ಹ್ಯಾಕಿಂಗ್ ಅವರು ಸಂಭವನೀಯತೆಯ ಹುಟ್ಟಿನ ಕುರಿತು 1975ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕತೆಯನ್ನು ವಿಶೇಷವಾಗಿ ಗಮನಿಸಿದ್ದಾರೆ. ಆ ವಿದ್ಯೆ ಏನೆಂಬುದನ್ನು ಮಾತ್ರ ಕತೆ ಬಿಟ್ಟುಕೊಡುವುದಿಲ್ಲ. ನಳನು ಅದನ್ನು ಕಲಿತ ಕ್ಷಣವೇ ಕಲಿಯು ಅವನ ಮೈಯಿಂದ ಹೊರಬೀಳುತ್ತಾನೆ, ಅಷ್ಟೆ.

ಸಪ್ತಭಂಗಿಯ ಪ್ರಸ್ತಾಪವಿಲ್ಲದೆ ಈ ಚರ್ಚೆ ಮುಗಿಯುವಂತಿಲ್ಲ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಸ್ಥಾಪಕ ಪ್ರಶಾಂತಚಂದ್ರ ಮಹಲನೋಬಿಸ್ ಅವರು 1954ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಸ್ಯಾದ್ವಾದಕ್ಕೂ ಆಧುನಿಕ ಸಂಖ್ಯಾಶಾಸ್ತ್ರದ ತಳಹದಿಗೂ ಇರುವ ಹೋಲಿಕೆಯನ್ನು ಎತ್ತಿ ತೋರಿಸಿದರು. 1957ರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಅವರು ‘ಸಂಖ್ಯಾ’ ಪತ್ರಿಕೆಯಲ್ಲಿ ಸ್ಯಾದ್ವಾದದ ಕುರಿತು ಬರೆದರು. ಇವೆರಡೂ ಗಂಭೀರ ಬರಹಗಳು. ಇವುಗಳ ಬೆನ್ನು ಹತ್ತಿ, ಜೈನರು ಸಂಭವನೀಯತಾ ಸಿದ್ಧಾಂತವನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಕಂಡುಹಿಡಿದಿದ್ದರೆಂದು ವೇದಿಕೆಗಳಲ್ಲಿ ಹೇಳುವುದು ರೂಢಿಯಾಗಿದೆ. ನಾನೂ ತರುಣನಾಗಿದ್ದಾಗ ಹೇಳಿದ್ದುಂಟು. ಈಗ ಹೇಳಲಾರೆ. ‘ಸ್ಯಾತ್’ ಎಂಬುದು ‘ಇರಬಹುದೇನೋ’ ಎಂಬ ಅನುಮಾನದ ಮಾತಲ್ಲ. ‘ಒಂದು ಅಪೇಕ್ಷೆಯಿಂದ’ ಎಂಬ ನಿಶ್ಚಯದ ಮಾತು. ದ್ರವ್ಯದ ದೃಷ್ಟಿಯಿಂದ ಗಡಿಗೆ ಉಂಟು ಎನ್ನುವವನು ಅದರ ಇರುವಿಕೆಯ ಬಗ್ಗೆ ಬಾಜಿ ಕಟ್ಟುತ್ತಿಲ್ಲ. ಸಪ್ತಭಂಗಿಯಲ್ಲಿ ಗಣಿತವಿರುವುದು ಬೇರೆಡೆ: ಅಸ್ತಿ, ನಾಸ್ತಿ, ಅವಕ್ತವ್ಯ ಎಂಬ ಮೂರನ್ನು ಒಂದೊಂದಾಗಿ, ಎರಡೆರಡಾಗಿ, ಮೂರನ್ನೂ ಕೂಡಿಸಿ ಎಣಿಸಿದರೆ ಮೂರು, ಮೂರು, ಒಂದು, ಒಟ್ಟು ಏಳು. ಆರು ರುಚಿಗಳಿಗೆ 63 ಬರುವಂತೆಯೇ ಮೂರು ಭಂಗಗಳಿಗೆ ಏಳು ಬರುತ್ತದೆ. ಏಳು ಯಾಕೆ, ಎಂಟು ಯಾಕಲ್ಲ ಎಂಬುದಕ್ಕೆ ಇದು ಉತ್ತರ. ಆ ಏಳರಲ್ಲಿ ಯಾವುದಕ್ಕೆ ಎಷ್ಟು ತೂಕ ಎಂಬ ಪ್ರಶ್ನೆಯನ್ನು ಸ್ಯಾದ್ವಾದ ಕೇಳುವುದಿಲ್ಲ. ಏಳೂ ತಮ್ಮ ತಮ್ಮ ನೆಲೆಯಲ್ಲಿ ಸತ್ಯವೇ ಆದುದರಿಂದ ಕೇಳಬೇಕಾಗಿಯೂ ಇಲ್ಲ. ತೂಕದ ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರ ಕೊಡುವ ಕ್ರಮಬದ್ಧ ಪ್ರಯತ್ನ ಪಾಸ್ಕಲ್ ಮತ್ತು ಫರ್ಮಾ 1654ರಲ್ಲಿ ಬರೆದುಕೊಂಡ ಪತ್ರಗಳಲ್ಲಿ ಕಾಣುತ್ತದೆ. ಅವರ ಪತ್ರಗಳ ವಸ್ತುವೂ ಜೂಜೇ. ಅರ್ಧಕ್ಕೆ ನಿಂತ ಆಟದ ಪಣವನ್ನು ಹಂಚುವುದು ಹೇಗೆಂಬುದು ಅವರ ಪ್ರಶ್ನೆಯಾಗಿತ್ತು.

ಮಹಾವೀರಾಚಾರ್ಯರ ಗ್ರಂಥದಲ್ಲಿ ವಿಕಲ್ಪಗಳನ್ನು ಎಣಿಸುವ ಸೂತ್ರವೂ ಇದೆ, ಕೋಳಿ ಅಂಕದ ಲೆಕ್ಕವೂ ಇದೆ. ಎರಡೂ ಮಿಶ್ರಕವ್ಯವಹಾರದಲ್ಲಿಯೇ, ಹೆಚ್ಚು ಪುಟಗಳ ಅಂತರವಿಲ್ಲದೆ ಬರುತ್ತವೆ. ಒಂದರ ಕೈಯನ್ನು ಇನ್ನೊಂದು ಹಿಡಿಯಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದ ರಾಜಾದಿತ್ಯನೂ ಆ ದಾರಿ ಹಿಡಿದವನಲ್ಲ. ದ್ಯೂತವನ್ನು ವ್ಯಸನವೆಂದು ದೂರವಿಟ್ಟುದೇ ಇದಕ್ಕೆ ಕಾರಣವೆಂದು ಕೆಲವರು ಹೇಳುವುದುಂಟು. ಪಗಡೆಯಾಡಿ ರಾಜ್ಯ ಕಳೆದುಕೊಂಡವರ ಕತೆಯನ್ನು ಆದರದಿಂದ ಕೇಳಿದ ಅನ್ಯಮತದವರೂ ಆ ದಾರಿ ಹಿಡಿಯಲಿಲ್ಲವಾದ್ದರಿಂದ ಈ ವಿವರಣೆ ನನಗೆ ಒಪ್ಪಿಗೆಯಾಗಿಲ್ಲ.

ಆ ದಿನ ಹೊರಡುವ ಮೊದಲು ಒಬ್ಬ ವಿದ್ಯಾರ್ಥಿನಿ, ಕೋಳಿ ಅಂಕದ ಲೆಕ್ಕವನ್ನು ಪಾಠಯೋಜನೆಯಲ್ಲಿ ಎಲ್ಲಿಗೆ ಸೇರಿಸಬೇಕೆಂದು ಕೇಳಿದಳು. ಬಿಡಿಸುವ ರೀತಿಯನ್ನು ನೋಡಿದರೆ ಅದು ಎರಡು ಚರಾಕ್ಷರಗಳ ಸಮೀಕರಣದ ಪಾಠಕ್ಕೆ ಸೇರಬೇಕು, ಸಂಭವನೀಯತೆಗಲ್ಲ. ಹಾಗೆಯೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, 42 ಮತ್ತು 40 ಎಂಬ ಉತ್ತರವನ್ನು ಸಮೀಕರಣದ ಪಾಠದಲ್ಲಿ ಬಿಡಿಸಿಟ್ಟು, ಒಡೆಯರಿಬ್ಬರೂ ಯಾಕೆ ಒಪ್ಪಿಕೊಂಡರೆಂಬ ಪ್ರಶ್ನೆಯನ್ನು ತಿಂಗಳುಗಳ ನಂತರ ಸಂಭವನೀಯತೆಯ ಪಾಠದ ಮೊದಲ ದಿನ ಕೇಳುತ್ತೇನೆ ಎಂದಳು. ಶಾಲೆಯಲ್ಲಿ ಕೋಳಿ ಅಂಕದ ಹೆಸರೆತ್ತಲು ಮುಖ್ಯೋಪಾಧ್ಯಾಯರು ಬಿಡದಿದ್ದರೆ ಎಂದು ಪಕ್ಕದವಳು ಕೆಣಕಿದಳು. ಮಹಾವೀರಾಚಾರ್ಯರ ಹೆಸರು ಹೇಳಿದರಾಯಿತು ಎಂದು ಇವಳ ಉತ್ತರ. ಕೋಳಿ ಸಾಕುವ ಮನೆಯ ಯುವಕ ಅಷ್ಟರಲ್ಲಿ ಮೇಜಿನ ಮೇಲಿದ್ದ ನನ್ನ ಕವಡೆಗಳನ್ನು ಉರುಳಿಸುತ್ತ, ಬಾಯಿ ಮೇಲಾದುದಕ್ಕೆ ಒಂದು ಗೆರೆ, ಮಗುಚಿದುದಕ್ಕೆ ಒಂದು ಸೊನ್ನೆ ಹಾಕುತ್ತಿದ್ದ. ಕವಡೆಗಳನ್ನು ಅವನ ಬಳಿಯೇ ಬಿಟ್ಟು ಬಂದೆ.